ದೀಪಕ್ಕೊಂದು ಕುಲಾವಿ

ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಕುಪ್ಪಸದ ಖಣ, ಉಟ್ಟು ಮೆತ್ತಗಾದ ನೂಲಿನ ಸೀರೆ. ಇವುಗಳ ಚೂರುಪಾರು ಕೂಡಿಸಿ ಮನೆಯಲ್ಲೇ ಹೊಲಿದ ಲ್ಯಾಂಪ್‌ಶೇಡುಗಳು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಅಲ್ಲೊಂದು ಇಲ್ಲೊಂದು ಕಾಣತೊಡಗಿವೆ. ಹಗಲು ನೋಡಿದರೆ ಒಂದಕ್ಕಿಂತ ಒಂದು ಚಂದ. ಸಂಜೆ ಸ್ವಿಚ್ ಒತ್ತಿದಾಗ ನೋಡಬೇಕು. ಬಹಳಷ್ಟರಲ್ಲಿ ಎಕ್ಸ್‌ರೇ ತೆಗೆದ ಹಾಗೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಹೊಲಿಗೆ ಇದ್ದಲ್ಲೆಲ್ಲ ಬೆರಳಗಲದ ಕಪ್ಪು ಪಟ್ಟಿ, ಆ ಪಟ್ಟಿಯ ಅಂಚಿಗೆ ಜರಿಯಂತೆ ಜೋತಾಡುವ ಎಳೆಗಳು, ಅಂಟು ಹಚ್ಚಿದಲ್ಲಿ ಎಣ್ಣೆ ಬಿದ್ದಂಥ ಕಲೆ, ಇವೆಲ್ಲದರ ಹಿಂದೆ ತಂತಿಯ ಅಸ್ಥಿಪಂಜರ. ಹೊಲಿದವರ ಕೈ ಒರಟು ಅಂತ ಅಲ್ಲ. ಅವರೇ ಹೊಲಿದ ಕೌದಿ ಹೊದ್ದು ನೋಡಿದರೆ ಹೊಲಿಗೆಯ ಟಾಕಿಗಳು ಮುತ್ತಿನ ಸಾಲಿನ ಹಾಗೆ ಇರುತ್ತವೆ.

ಎಡವಟ್ಟಾಗಿರುವುದು ಆ ಕೌದಿಯಿಂದಲೇ. ಚಿಂದಿ ಎಂದ ಕೂಡಲೇ ನಮ್ಮ ಸೀಮೆಯ ಕೈಗಳು ತಾವಾಗಿಯೇ ಕೌದಿಯ ದಾರಿ ಹಿಡಿಯುತ್ತವೆ. ಒಂದು ಅರಿವೆಯ ಮೇಲೆ ಇನ್ನೊಂದು, ಹರಿದಲ್ಲಿ ಮೇಲೊಂದು ತುಂಡು, ತುಂಡಿನ ಅಂಚು ಮಡಿಚಿ ಮತ್ತೆ ಟಾಕಿ. ಕೌದಿಗೆ ದಪ್ಪವೇ ಬಂಡವಾಳ. ಎಷ್ಟು ಪದರು ಬಿದ್ದರೆ ಅಷ್ಟು ಬೆಚ್ಚಗೆ, ಅಷ್ಟು ವರ್ಷ ಬಾಳಿಕೆ. ಮಾಳಿಗೆಯ ಮೇಲೆ ಹಗ್ಗಕ್ಕೆ ಒಣಹಾಕಿದ ಕೌದಿಯ ಕೆಳಗೆ ನಿಂತು ಮೇಲೆ ನೋಡಿದರೆ ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲೂ ಅದರೊಳಗಿಂದ ತೂರಿ ಬರುವುದಿಲ್ಲ. ಲ್ಯಾಂಪ್‌ಶೇಡಿಗೆ ಬೇಕಾದ ಬುದ್ಧಿ ನಮ್ಮಲ್ಲಿಯೇ ಇದೆ, ಆದರೆ ಅದು ಕೌದಿಯ ಪೆಟ್ಟಿಗೆಯಲ್ಲಿ ಇಲ್ಲ, ಕೂಸಿನ ಕುಲಾವಿಯಲ್ಲಿದೆ. ಖಣದ ಚೂರುಗಳನ್ನು ಅಳೆದು ಕತ್ತರಿಸಿ, ತಲೆಯ ದುಂಡಿಗೆ ತಕ್ಕಂತೆ ಮೇಲೆ ಕಿರಿದು ಕೆಳಗೆ ಅಗಲ ಮಾಡಿ ಜೋಡಿಸಿ, ಒಳಗೆ ಮೆತ್ತನೆಯ ಬಿಳಿ ಅಸ್ತರ ಕೊಟ್ಟು, ಹೊಲಿಗೆ ಕೂಸಿನ ನೆತ್ತಿಗೆ ಒತ್ತದ ಹಾಗೆ ಎರಡು ಅರಿವೆಯ ನಡುವೆ ಮುಚ್ಚಿಬಿಡುವ ಕೆಲಸ ಅದು. ಕುಲಾವಿಯನ್ನು ತಿರುಗಿಸಿ ಹಿಡಿದರೆ ಲ್ಯಾಂಪ್‌ಶೇಡಿನ ನಕ್ಷೆ ಅರ್ಧ ಮುಗಿದಂತೆ.

ಚಿಂದಿಯ ಚೀಲ

ಬ್ಲೌಜು ಹೊಲಿಯುವವರ ಮಷೀನಿನ ಕಾಲ ಬುಡದಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಆದರೆ ಯಾತಕ್ಕೆ ಅಂತ ಹೇಳಬೇಕಾಗುತ್ತದೆ.

“ಅಣ್ಣಾರ, ಖಣದ ಚಿಂದಿ ಇದ್ರ ಕೊಡ್ರೆಲಾ.”

“ಯಾಕ್ರೀ ಅಕ್ಕಾರ, ಕೌದಿ ಹಾಕ್ತೀರೇನು?”

“ಕೌದಿಗಲ್ರೀ, ದೀಪಕ್ಕ.”

“ದೀಪಕ್ಕಾ? ರೇಷ್ಮಿ ಬತ್ತಿ ಹೊಸೀತೀರೇನ್ರಿ ಮತ್ತ!”

ನಗೆ ಮುಗಿದ ಮೇಲೆ ಚೀಲ ಬರುತ್ತದೆ. ಅದರಲ್ಲಿ ಬಹುಪಾಲು ಕಂಕುಳ ಮತ್ತು ಕೊರಳ ಕತ್ತರಿಯಲ್ಲಿ ಬಿದ್ದ ಅರ್ಧಚಂದ್ರಗಳು, ತ್ರಿಕೋನಗಳು. ಒಂದು ಗೇಣಿಗಿಂತ ಉದ್ದದ ನೆಟ್ಟನೆಯ ತುಂಡು ಅಪರೂಪ. ಮನೆಯ ಹಳೆಯ ಸೀರೆ ಇದ್ದರೆ ಉದ್ದದ ಚಿಂತೆ ಇಲ್ಲ, ಅದರ ಸಮಸ್ಯೆ ಬೇರೆ. ರೇಷ್ಮೆ ಸವೆಯುವುದು ಮಡಿಕೆಯ ಗೆರೆಯಲ್ಲಿ. ಟ್ರಂಕಿನಲ್ಲಿ ಇಪ್ಪತ್ತು ವರ್ಷ ಒಂದೇ ಮಡಿಕೆಯಲ್ಲಿದ್ದ ಸೆರಗು ಮೇಲುನೋಟಕ್ಕೆ ಹೊಸದರಂತೆಯೇ ಇರುತ್ತದೆ. ಎರಡು ಹೆಬ್ಬೆರಳ ನಡುವೆ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಒಮ್ಮೆ ಜಗ್ಗಿದರೆ ‘ಚರ್’ ಅನ್ನುತ್ತದೆ. ಆ ಸದ್ದು ಬಂದ ತುಂಡನ್ನು ಪಕ್ಕಕ್ಕಿಡಿ. ಶೇಡಿನ ಮೇಲೆ ಅರಿವೆ ಬಿಗಿಯಾಗಿ ಎಳೆದು ನಿಂತಿರುತ್ತದೆ. ಇಂದಲ್ಲ ನಾಳೆ ಬ್ಲೇಡು ಎಳೆದ ಹಾಗೆ ಮಡಿಕೆಯುದ್ದಕ್ಕೂ ಸೀಳುತ್ತದೆ.

ತುಂಡು ಆರಿಸುವುದು ಹಗಲಿನ ಬೆಳಕಿನಲ್ಲಿ ಮೇಜಿನ ಮೇಲೆ ಹರವಿಕೊಂಡು ಮಾಡುವ ಕೆಲಸ ಅಲ್ಲ. ಕೋಣೆ ಕತ್ತಲೆ ಮಾಡಿ, ಹಾಕಬೇಕೆಂದಿರುವ ಬಲ್ಬನ್ನೇ ಹೊತ್ತಿಸಿ, ಅದರ ಮುಂದೆ ಒಂದು ಗೇಣು ದೂರದಲ್ಲಿ ಪ್ರತಿ ತುಂಡನ್ನೂ ಹಿಡಿದು ನೋಡಬೇಕು. ಆಗ ಅರಿವೆಯ ಇನ್ನೊಂದು ಮುಖ ತಿಳಿಯುತ್ತದೆ. ಇಳಕಲ್ಲ ಸೀರೆಯ ಒಡಲು ನೂಲಿನದಾದರೆ ಬೆಳಕು ಸಮನಾಗಿ ಬರುತ್ತದೆ. ಚಂದ್ರಕಾಳಿ ಸೀರೆಯಂಥ ಕಪ್ಪು ಅರಿವೆ ಬೆಳಕನ್ನು ಪೂರಾ ನುಂಗಿ, ದೀಪ ಮೇಲಕ್ಕೂ ಕೆಳಕ್ಕೂ ಮಾತ್ರ ಉಳಿಯುತ್ತದೆ. ಹಾಸು, ಅಂದರೆ ಉದ್ದದ ಎಳೆ, ಒಂದು ಬಣ್ಣ, ಅಡ್ಡ ಹಾಯುವ ಹೊಕ್ಕು ಇನ್ನೊಂದು ಬಣ್ಣ ಇರುವ ಖಣ ಹಗಲಿನಲ್ಲಿ ನವಿಲುಕುತ್ತಿಗೆಯಂತೆ ಹೊಳೆದರೂ ಬೆಳಕಿಗೆ ಅಡ್ಡ ಹಿಡಿದಾಗ ಎರಡೂ ಬಣ್ಣ ಬೆರೆತು ಕೆಸರಾಗುವುದುಂಟು. ಹಿಂಬದಿಯಲ್ಲಿ ಎಳೆ ಬಿಟ್ಟು ನೇಯ್ದ ಬುಟ್ಟಾ ಇದ್ದರೆ, ಬುಟ್ಟಾದಿಂದ ಬುಟ್ಟಾಕ್ಕೆ ಹಾಯ್ದ ಎಳೆಗಳೆಲ್ಲ ಗೀಟುಗಳಾಗಿ ಕಾಣುತ್ತವೆ. ಅದು ಬೇಕೆನಿಸಿದರೆ ಇರಲಿ, ಬೇಡದಿದ್ದರೆ ಹಿಂಬದಿಯ ಎಳೆ ಕತ್ತರಿಸಬೇಡಿ, ಬುಟ್ಟಾ ಕಳಚಿ ಬರುತ್ತದೆ. ಆ ತುಂಡನ್ನೇ ಬಿಡಿ.

ಇವೆಲ್ಲದರಲ್ಲಿ ಬೆಳಕಿಗೆ ಹೇಳಿ ಮಾಡಿಸಿದ್ದು ಇಳಕಲ್ಲ ಸೆರಗು. ಕೆಂಪಿನ ಮೇಲೆ ಬಿಳಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ತೆನೆ, ಬಾಚಣಿಗೆಯ ಹಲ್ಲಿನಂಥ ಹಣಿಗೆ, ಕೋಟೆಯ ತೆನೆ, ಯಾವುದಿದ್ದರೂ ಬಿಳಿ ಭಾಗ ಹೊತ್ತಿಕೊಳ್ಳುತ್ತದೆ, ಕೆಂಪು ಕೆಂಡದಂತೆ ಹಿಂದೆ ನಿಲ್ಲುತ್ತದೆ. ಒಂದೇ ಎಚ್ಚರಿಕೆ. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೂಡಿನ ಗೆರೆ ನಿಮ್ಮ ತುಂಡಿನೊಳಗೆ ಬರುವಂತಿದ್ದರೆ ಅದರಿಂದ ಎರಡೂ ಬದಿಗೆ ಕನಿಷ್ಠ 2 ಸೆಂ.ಮೀ. ಅರಿವೆ ಬಿಟ್ಟು ಕತ್ತರಿಸಿ. ಗೆರೆಗೆ ತೀರ ಹತ್ತಿರ ಕತ್ತರಿ ಆಡಿಸಿದರೆ ಹೊಕ್ಕಿನ ಎಳೆಗಳು ಜಾರಿ ಕೊಂಡಿ ಬಿಚ್ಚಿಕೊಳ್ಳುತ್ತದೆ.

ನೂಲೋ, ರೇಷ್ಮೆಯೋ, ಪಾಲಿಯೆಸ್ಟರೋ ಗೊತ್ತಾಗದಿದ್ದರೆ ನಾಲ್ಕು ಎಳೆ ಕಿತ್ತು, ಚಿಮುಟಿಗೆಯಲ್ಲಿ ಹಿಡಿದು ಸುಟ್ಟು ನೋಡುವುದೇ ದಾರಿ. ನೂಲು ಕಾಗದದ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಚಮಕಾ, ಅಂದರೆ ರೇಷ್ಮೆಯಂತೆ ಹೊಳೆಯುವ ರೇಯಾನ್ ಎಳೆ, ಕೂಡ ಹೆಚ್ಚುಕಡಿಮೆ ಹಾಗೆಯೇ, ಯಾಕೆಂದರೆ ರೇಯಾನಿನ ಮೂಲ ಕಟ್ಟಿಗೆಯ ತಿರುಳು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ತಿಕ್ಕಿದರೆ ಪುಡಿಯಾಗುವ ಕಪ್ಪು ಮಣಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಉಗುರಿಗೂ ಜಗ್ಗದ ಗಟ್ಟಿ ಗುಂಡಾಗುತ್ತದೆ. ಬಲ್ಬಿನ ಹತ್ತಿರ ಅದಕ್ಕೆ ಜಾಗವಿಲ್ಲ. ಆಯ್ದ ತುಂಡುಗಳನ್ನೆಲ್ಲ ಮೊದಲು ನೀರಿಗೆ ಹಾಕಿ. ಕೆಂಪು ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ ನೋಡಿ, ಬಿಟ್ಟರೆ ಬೇರೆಯಾಗಿಯೇ ತೊಳೆಯಿರಿ. ಹೊಸ ನೂಲಿನ ಅರಿವೆ ಸೇದಿಕೊಳ್ಳುವುದೆಲ್ಲ ಕತ್ತರಿ ಮುಟ್ಟುವ ಮೊದಲೇ ಸೇದಿಕೊಳ್ಳಲಿ.

ಎಲುಬು

ಶೇಡಿನ ಎಲುಬೆಂದರೆ ಮೇಲೊಂದು ಕೆಳಗೊಂದು ತಂತಿಯ ಬಳೆ, ನಡುವೆ ಕಡ್ಡಿಗಳು. ಮುಂದಿನ ಲೆಕ್ಕಕ್ಕೆಲ್ಲ ಒಂದೇ ಅಳತೆ ಹಿಡಿಯೋಣ. ಕೆಳಗಿನ ಬಳೆ 30 ಸೆಂ.ಮೀ. ಅಡ್ಡಗಲ, ಮೇಲಿನದು 15, ನಡುವೆ ಓರೆಯಾಗಿ ಇಳಿಯುವ ಕಡ್ಡಿಗಳು 20 ಸೆಂ.ಮೀ. ನೆಟ್ಟಗೆ ಅಳೆದರೆ ಎತ್ತರ ಹದಿನೆಂಟೂವರೆ ಆಗುತ್ತದೆ. ಬಳೆಗಳಿಗೆ 10 ಗೇಜಿನ ತಂತಿ, ಅಂದರೆ 3.25 ಮಿ.ಮೀ. ದಪ್ಪದ್ದು, ಕಡ್ಡಿಗಳಿಗೆ 12 ಗೇಜು ಸಾಕು. ತಂತಿಯನ್ನು 30 ಸೆಂ.ಮೀ.ನ ಪಾತ್ರೆಗೆ ಸುತ್ತಿದರೆ 30ರ ಬಳೆ ಬರುವುದಿಲ್ಲ. ಬಿಟ್ಟ ಕೂಡಲೇ ಅದು ಹಿಗ್ಗುತ್ತದೆ. ಎರಡು ಮೂರು ಸೆಂ.ಮೀ. ಚಿಕ್ಕ ಪಾತ್ರೆಗೆ ಸುತ್ತಿ, ಆಮೇಲೆ ಕೈಯಿಂದ ಬಿಡಿಸಿ ಅಳತೆಗೆ ತನ್ನಿ. ಬಳೆ ದುಂಡಾಗಿದೆಯೋ ಇಲ್ಲವೋ ಎಂದು ಕಾಗದದ ಮೇಲೆ ವೃತ್ತ ಬರೆದು ಅದರ ಮೇಲಿಟ್ಟು ನೋಡಬೇಕು. ಕಣ್ಣಳತೆಯಲ್ಲಿ ದುಂಡಗೆ ಕಂಡದ್ದು ಅರಿವೆ ಹಾಕಿದ ಮೇಲೆ ಮೊಟ್ಟೆಯಾಗುತ್ತದೆ.

ಬೆಸುಗೆಯನ್ನು ಮನೆಯಲ್ಲಿ ಮಾಡಲಾಗದು. ಬೆಳಗಾವಿಯಲ್ಲಿದ್ದರೆ ಉದ್ಯಮಬಾಗದ ಸುತ್ತ, ಬೇರೆ ಊರಲ್ಲಾದರೆ ಕಿಟಕಿ ಗ್ರಿಲ್ ಮಾಡುವವರ ಹತ್ತಿರ ಹೋಗಬೇಕು. ಅವರು ಗ್ರಿಲ್ಲಿನ ರಾಡಿಗೆ ಕೈ ಪಳಗಿದವರು. ಮೂರು ಮಿ.ಮೀ. ತಂತಿಗೆ ಅದೇ ಬಿಸಿ ಕೊಟ್ಟರೆ ತಂತಿ ಕರಗಿ ಹೋಗುತ್ತದೆ, ಕೂಡಿದಲ್ಲಿ ಕಡಲೆಕಾಳಿನಂಥ ಗಂಟು ಕೂರುತ್ತದೆ. ಗಂಟನ್ನು ಅರದಿಂದ ತಿಕ್ಕಿಸಿಕೊಂಡೇ ಬನ್ನಿ, ಇಲ್ಲವಾದರೆ ಅರಿವೆ ಅಲ್ಲಿಯೇ ತೂತಾಗುತ್ತದೆ. ಸತುವಿನ ಲೇಪ ಇದ್ದ ಜಿಐ ತಂತಿಯಾದರೆ ಬೆಸುಗೆಯ ಹೊಗೆ ಕುಡಿಯಬಾರದು, ಅದರಿಂದ ಜ್ವರ ಬರುತ್ತದೆ. ಬಯಲಿನಲ್ಲೇ ಆ ಕೆಲಸ ನಡೆಯಲಿ. ಬೆಸೆದಲ್ಲಿ ಲೇಪ ಸುಟ್ಟುಹೋಗಿರುವುದರಿಂದ ಅಲ್ಲಿಗೆ ಬಣ್ಣ ಕಡ್ಡಾಯ. ಬೆಳಗಾವಿಯ ಮಳೆಗಾಲ ಬಣ್ಣವಿಲ್ಲದ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ತುಕ್ಕಿನ ಕಂದು ನೀರು ಮೊದಲು ಅಸ್ತರಕ್ಕೆ, ಆಮೇಲೆ ಸೆರಗಿಗೆ ಇಳಿಯುತ್ತದೆ. ಬೆಸುಗೆಯೇ ಬೇಡ ಅನ್ನುವವರಿಗೆ ಮೇದಾರ ಓಣಿಯ ಬಿದಿರಿನ ದಬ್ಬೆ ಇದೆ. ಬೆರಳಿನ ಅರ್ಧ ಅಗಲಕ್ಕೆ ಸೀಳಿಸಿ, ತುದಿಗಳು ಒಂದರ ಮೇಲೊಂದು 10 ಸೆಂ.ಮೀ. ಬರುವ ಹಾಗೆ ಬಾಗಿಸಿ ದಾರದಿಂದ ಬಿಗಿದರೆ ಬಳೆ. ತುಕ್ಕಿನ ಭಯ ಇಲ್ಲ, ಹುಳದ ಭಯ ಇದೆ. ಕೆಟ್ಟ ಟೇಬಲ್ ಫ್ಯಾನಿನ ಜಾಳಿಗೆಯೂ ಪುಕ್ಕಟೆ ಎಲುಬೇ, ಆದರೆ ಅದಕ್ಕೆ ಅರಿವೆ ಬಹಳ ಬೇಕು.

ಮೇಲಿನ ಬಳೆಯಿಂದ ಮೂರು ತೋಳು ಒಳಗೆ ಹೋಗಿ, ನಡುವೆ ಹೋಲ್ಡರ್ ಕೂರುವ ಸಣ್ಣ ಬಳೆಯನ್ನು ಹಿಡಿಯಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇರುವ, ಒತ್ತಿ ತಿರುಗಿಸುವ ಬಿ22 ಬಲ್ಬಿನ ಹೋಲ್ಡರಿಗೆ ಈ ರಂಧ್ರ ಸುಮಾರು 29 ಮಿ.ಮೀ.; ತಿರುಪಿನ ಇ27 ಹೋಲ್ಡರಿಗೆ ಇನ್ನೂ ದೊಡ್ಡದು. ಹೋಲ್ಡರನ್ನು ಕೊಂಡು ಜೇಬಿನಲ್ಲಿಟ್ಟುಕೊಂಡೇ ಬೆಸುಗೆ ಅಂಗಡಿಗೆ ಹೋಗುವುದು ಜಾಣತನ.

ಕಡ್ಡಿ ಎಷ್ಟು ಬೇಕು ಎಂಬುದರಲ್ಲಿ ಇಡೀ ಶೇಡಿನ ಆಕಾರ ಅಡಗಿದೆ. ಬಿಗಿಯಾಗಿ ಎಳೆದ ಅರಿವೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದುಂಡಾಗಿ ಹೋಗುವುದಿಲ್ಲ, ನೆಟ್ಟಗೆ ಹಾಯುತ್ತದೆ. ನಡುವಿನ ಎತ್ತರದಲ್ಲಿ ಶೇಡಿನ ಅಡ್ಡಗಲ 22.5 ಸೆಂ.ಮೀ. ಇರಬೇಕಲ್ಲ, ಅಲ್ಲಿ 6 ಕಡ್ಡಿ ಇದ್ದರೆ ಅರಿವೆ ಒಳಕ್ಕೆ ಒಂದೂವರೆ ಸೆಂ.ಮೀ. ತನಕ ಕುಸಿಯಬಹುದು. 8 ಕಡ್ಡಿಯಿದ್ದರೆ ಒಂದು ಸೆಂ.ಮೀ.ಗೂ ಕಡಿಮೆ, 12 ಇದ್ದರೆ 4 ಮಿ.ಮೀ. ಅಷ್ಟೇ. ಹೊಸದಾಗಿ ಮಾಡಿಸುವುದಾದರೆ 12 ಹಾಕಿಸಿ. ದುಂಡಗೆ ನಿಲ್ಲುತ್ತದೆ ಎಂಬುದು ಒಂದು ಕಾರಣ. ಎರಡನೆಯ, ಇನ್ನೂ ದೊಡ್ಡ ಕಾರಣ ಮುಂದೆ ಬರುತ್ತದೆ.

ಅರಿವೆ ತಂತಿಗೆ ಅಂಟುವುದಿಲ್ಲ, ತಂತಿಗೆ ಸುತ್ತಿದ ಪಟ್ಟಿಗೆ ಹೊಲಿಗೆ ಬೀಳುತ್ತದೆ. ಒಂದೂಕಾಲು ಸೆಂ.ಮೀ. ಅಗಲದ ನೂಲಿನ ಲಾಡಿ ಬೇಕು, ತಂತಿಯ ಉದ್ದದ ಎರಡೂವರೆಯಿಂದ ಮೂರು ಪಟ್ಟು. ಎರಡು ಬಳೆ ಸೇರಿ 141 ಸೆಂ.ಮೀ. ಆದ್ದರಿಂದ ನಾಲ್ಕು ಮೀಟರು, ಎದುರುಬದುರಿನ ಎರಡು ಕಡ್ಡಿಗೆ ಇನ್ನೊಂದು ಮೀಟರಿನ ಮೇಲೆ ಸ್ವಲ್ಪ. ಉಳಿದ ಕಡ್ಡಿಗಳಿಗೆ ಬಿಳಿ ಬಣ್ಣ ಸಾಕು. ಲಾಡಿಯನ್ನು ಓರೆಯಾಗಿ, ಒಂದು ಸುತ್ತಿನ ಅಂಚು ಮುಂದಿನ ಸುತ್ತಿನ ಕೆಳಗೆ ಎಳ್ಳಷ್ಟೇ ಹೋಗುವ ಹಾಗೆ ಸುತ್ತುತ್ತ ಪ್ರತಿ ಸುತ್ತಿಗೂ ಜಗ್ಗಬೇಕು. ಸುತ್ತಿ ಮುಗಿದ ಮೇಲೆ ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ತಿರುವಿ ನೋಡಿ. ಒಂದಿಷ್ಟು ತಿರುಗಿದರೂ ಬಿಚ್ಚಿ ಮೊದಲಿನಿಂದ ಸುತ್ತಿ. ಇಲ್ಲಿ ಸೋಮಾರಿತನ ಮಾಡಿದರೆ ಕೊನೆಯಲ್ಲಿ ಇಡೀ ಅರಿವೆ ಬಳೆಯ ಸುತ್ತ ಮೆಲ್ಲಗೆ ಜಾರಿ, ನೆಟ್ಟಗಿದ್ದ ತೆನೆಗಳೆಲ್ಲ ಗಾಳಿಗೆ ಬಾಗಿದ ಜೋಳದಂತೆ ಓರೆಯಾಗುತ್ತವೆ.

ಹನ್ನೆರಡು ಎಸಳಿನ ಲೆಕ್ಕ

ಒಂದೇ ಅರಿವೆಯಲ್ಲಿ ಈ ಶೇಡು ಮಾಡುವವರಿಗೆ ಬೀಸಣಿಕೆಯಂಥ ನಕ್ಷೆ ಬೇಕು. ಹೊರಗಿನ ಕಮಾನಿನ ತ್ರಿಜ್ಯ 40 ಸೆಂ.ಮೀ., ಒಳಗಿನದು 20, ಕೋನ 135 ಡಿಗ್ರಿ. ಚಿಂದಿಯವರಿಗೆ ಅಷ್ಟು ದೊಡ್ಡ ತುಂಡು ಎಲ್ಲಿಂದ ಸಿಗಬೇಕು? ಆ ಬೀಸಣಿಕೆಯನ್ನೇ 12 ಎಸಳು ಮಾಡಿದರೆ ಪ್ರತಿ ಎಸಳು ಮೇಲೆ 3.9, ಕೆಳಗೆ 7.85 ಸೆಂ.ಮೀ. ಬರುತ್ತದೆ. ಎಸಳಿನ ಕೆಳ ಅಂಚು ನಿಜವಾಗಿ ಕಮಾನು, ನಾವು ಸ್ಕೇಲು ಹಿಡಿದು ನೆಟ್ಟಗೆ ಕತ್ತರಿಸುತ್ತೇವೆ. 12 ಎಸಳಿನಲ್ಲಿ ಆ ತಪ್ಪು 2 ಮಿ.ಮೀ. ಮಾತ್ರ, ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. 6 ಎಸಳಿಗೆ ಇಳಿದರೆ ತಪ್ಪು 8 ಮಿ.ಮೀ. ಹತ್ತಿರ ಹೋಗುತ್ತದೆ, ಆಗ ಕಮಾನು ಬರೆಯದೆ ಗತಿಯಿಲ್ಲ. ಚಿಂದಿ ಸಣ್ಣದಾದಷ್ಟೂ ಲೆಕ್ಕ ಹಗುರಾಗುವ ಅಪರೂಪದ ಕೆಲಸ ಇದು.

ಮೇಲೆ ಕೆಳಗೆ ಎರಡೂವರೆ ಸೆಂ.ಮೀ., ಎರಡೂ ಬದಿಗೆ ಒಂದೊಂದು ಸೆಂ.ಮೀ. ಹೆಚ್ಚು ಸೇರಿಸಿ, ಓರೆಯನ್ನು ಹಾಗೆಯೇ ಮುಂದುವರಿಸಿದರೆ ಕತ್ತರಿಸಬೇಕಾದ ತುಂಡು 25 ಸೆಂ.ಮೀ. ಎತ್ತರ, ಕೆಳಗೆ 10.3, ಮೇಲೆ 5.4. ಮದುವೆ ಕಾರ್ಡಿನ ರಟ್ಟಿನಲ್ಲಿ ಇದರ ಅಚ್ಚು ಮಾಡಿಟ್ಟುಕೊಳ್ಳಿ, ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಅರಿವೆಯ ಹಾಸಿನ ಎಳೆ, ದಡಿ ಕೆಳಗೆ ಬರುವಂತೆ ಕತ್ತರಿಸಿದರೆ ಹೊಕ್ಕಿನ ಎಳೆ, ಆ ಗೆರೆಗೆ ಸಮನಾಗಿ ಇರಬೇಕು. ಹನ್ನೆರಡರಲ್ಲಿ ಎರಡು ಎಸಳು ಓರೆ ಎಳೆಯಲ್ಲಿ ಬಿದ್ದರೂ ಅವೆರಡೇ ಹಿಗ್ಗಿ, ಶೇಡು ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತದೆ. ದಿಕ್ಕಿಲ್ಲದ ಬರಿ ಬಣ್ಣದ ಅರಿವೆಯಾದರೆ ಒಂದು ಎಸಳು ನೆಟ್ಟಗೆ, ಮುಂದಿನದು ತಲೆಕೆಳಗೆ ಇಟ್ಟು ಕತ್ತರಿಸಿದರೆ 25 ಸೆಂ.ಮೀ. ಅಗಲದ, ಒಂದು ಮೀಟರು ಉದ್ದದ ಪಟ್ಟಿಯಲ್ಲಿ ಹನ್ನೆರಡೂ ಬರುತ್ತವೆ. ತೆನೆ, ದಡಿ ಇದ್ದರೆ ತಲೆಕೆಳಗು ಮಾಡುವಂತಿಲ್ಲ.

ಬ್ಲೌಜಿನ ಚೀಲದಿಂದ 25 ಸೆಂ.ಮೀ. ಎತ್ತರದ ತುಂಡು ಸಿಗುವುದು ಕಷ್ಟ ಅಂದೆವಲ್ಲ, ಆಗ ಎರಡು ಚೂರು ಕೂಡಿಸಿ ಒಂದು ಎಸಳು ಮಾಡಬೇಕಾಗುತ್ತದೆ. ಆ ಅಡ್ಡ ಹೊಲಿಗೆ ಹನ್ನೆರಡೂ ಎಸಳಲ್ಲಿ ಒಂದೇ ಎತ್ತರಕ್ಕೆ ಬಂದರೆ ರಾತ್ರಿ ಅದು ನಡುಪಟ್ಟಿಯಂತೆ ಕಾಣುತ್ತದೆ. ಒಂದು ಮೇಲೆ ಒಂದು ಕೆಳಗೆ ಬಂದರೆ ಗೋಡೆಯ ಇಟ್ಟಿಗೆಯಂತೆ. ಎರಡೂ ಚಂದವೇ. ಹತ್ತು ಎಸಳಲ್ಲಿ ಸಮ, ಎರಡರಲ್ಲಿ ಮಾತ್ರ ಏರುಪೇರು ಆದರೆ ನೋಡಿದವರೆಲ್ಲ ಆ ಎರಡಕ್ಕೇ ಬೆರಳು ತೋರಿಸುತ್ತಾರೆ.

ನೆರಳು ಬೀಳುವ ಜಾಗ

ಹೊಲಿಗೆ ಬಿಟ್ಟು ಚಿಂದಿ ಕೂಡದು, ಹೊಲಿಗೆ ಇದ್ದಲ್ಲಿ ನೆರಳು ತಪ್ಪದು. ಹೋಗಲಿ, ತಂತಿಯ ನೆರಳೂ ತಪ್ಪುವುದಿಲ್ಲ, ಯಾಕೆಂದರೆ ಅದು ಅರಿವೆಗೆ ಆತುಕೊಂಡೇ ಇರುತ್ತದೆ. ಹಾಗಿದ್ದ ಮೇಲೆ ಎರಡು ನೆರಳು ಯಾಕೆ? 12 ಎಸಳು, 12 ಕಡ್ಡಿ. ಪ್ರತಿ ಹೊಲಿಗೆಯೂ ಒಂದೊಂದು ಕಡ್ಡಿಯ ಮೇಲೆ ಕೂತರೆ ಇಪ್ಪತ್ನಾಲ್ಕು ಗೀಟಿನ ಜಾಗದಲ್ಲಿ ಹನ್ನೆರಡೇ ಗೀಟು, ಅದೂ ಅಳತೆ ಹಿಡಿದ ಹಾಗೆ. ಆಗ ನೆರಳು ತಪ್ಪಿನಂತೆ ಕಾಣುವುದಿಲ್ಲ, ಕೊಡೆಯ ಕಡ್ಡಿಯಂತೆ ಅದೂ ವಿನ್ಯಾಸವೇ ಆಗುತ್ತದೆ. ಹಳೆಯ 6 ಕಡ್ಡಿಯ ಚೌಕಟ್ಟೇ ಸಿಕ್ಕಿದ್ದರೆ ಒಂದು ಬಿಟ್ಟು ಒಂದು ಹೊಲಿಗೆ ಕಡ್ಡಿಯ ಮೇಲೆ ಬರುತ್ತದೆ. ನಡುವಿನ ಆರನ್ನು ಸಣ್ಣದಾಗಿ ಮಾಡಿ ನಿಭಾಯಿಸಬೇಕು.

ಹೊಲಿಗೆಯ ಒಳಗೆ ಉಳಿಯುವ ಅರಿವೆಯನ್ನು ದರ್ಜಿಗಳ ರೂಢಿಯಂತೆ ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಮಾಡಿದರೆ ನೆರಳು ಅಗಲವಾಗುತ್ತದೆ. ಒಂದೇ ಬದಿಗೆ ಒರಗಿಸಿ, 5 ಮಿ.ಮೀ.ಗೆ ಕತ್ತರಿಸಿದರೆ ಅದರ ನೆರಳು ಕಡ್ಡಿಯ ನೆರಳಿನೊಂದಿಗೆ ಸೇರಿ ಸಣ್ಣ ಗೀಟಾಗುತ್ತದೆ. ಆದರೆ ಮೊದಲೇ 5 ಮಿ.ಮೀ. ಬಿಟ್ಟು ಕತ್ತರಿಸಿಕೊಂಡು ಹೊಲಿಯಲು ಹೋಗಬೇಡಿ. ಖಣದ ರೇಷ್ಮೆ ಹಾಸು ಅಂಚಿನಿಂದ ಎಳೆ ಎಳೆಯಾಗಿ ಜಾರುತ್ತದೆ, ಮಷೀನಿನ ಹಲ್ಲಿಗೆ ಅರ್ಧ ಹೋಗುತ್ತದೆ. ಅದಕ್ಕೇ ಒಂದು ಸೆಂ.ಮೀ. ಹೆಚ್ಚಿಟ್ಟದ್ದು; ಹೊಲಿದ ಮೇಲೆ ಕತ್ತರಿಸಿ. ಎಲ್ಲ ಹೊಲಿಗೆಗಳೂ ಒಂದೇ ದಿಕ್ಕಿಗೆ, ಬಲಕ್ಕಾದರೆ ಎಲ್ಲ ಬಲಕ್ಕೆ ಒರಗಲಿ. ಓವರ್‌ಲಾಕ್ ಬೇಡವೇ ಬೇಡ. ಅದರ ದಾರದ ಬಲೆ ಬೆಳಕಿನಲ್ಲಿ ಏಣಿಯ ಹಾಗೆ ಕಾಣುತ್ತದೆ. ಅಂಚು ಒಳಗೆ ಮಡಿಚಿ ಎರಡು ಸಲ ಹೊಲಿಯುವ ಗಟ್ಟಿ ಹೊಲಿಗೆಯೂ ಇಲ್ಲಿ ಹೊರೆ. ಕೌದಿಯ ರೂಢಿ ಮತ್ತೆ ಇಣುಕುವುದು ಇಲ್ಲಿಯೇ. ತುಂಡೊಂದರಲ್ಲಿ ಸಣ್ಣ ತೂತು ಕಂಡರೆ ಕೈ ಮೇಲೊಂದು ಚೂರು ಇಡಲು ಹೋಗುತ್ತದೆ. ಆ ಚೂರು ರಾತ್ರಿ ಹುಣ್ಣಿನ ಕಲೆಯಂತೆ ಕಾಣುತ್ತದೆ. ತುಂಡನ್ನೇ ಬದಲಿಸಿ.

ಹನ್ನೊಂದು ಹೊಲಿಗೆ ಮಷೀನಿನಲ್ಲಿ ಹಾಕಿ, ಹನ್ನೆರಡನೆಯದನ್ನು ತೆರೆದಿಡಿ. ಪ್ರತಿ ಹೊಲಿಗೆಯಲ್ಲೂ ಸೂಜಿ ಒಂದೇ ಮಿ.ಮೀ. ಒಳಗೆ ನಡೆದಿದ್ದರೂ ಎರಡು ಬದಿ ಸೇರಿ 2, ಹನ್ನೆರಡಕ್ಕೆ 24 ಮಿ.ಮೀ. ಸುತ್ತಳತೆ ಕಡಿಮೆಯಾಗಿ, ಅರಿವೆ ಅರ್ಧಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ. ಹೊರಗೆ ನಡೆದಿದ್ದರೆ ಅಷ್ಟೇ ಸಡಿಲ. ತೆರೆದ ಅರಿವೆಯನ್ನು ಒಳಮೈ ಹೊರಗಾಗಿ ಚೌಕಟ್ಟಿಗೆ ಹೊದಿಸಿ, ಪ್ರತಿ ಹೊಲಿಗೆಯನ್ನೂ ಅದರದರ ಕಡ್ಡಿಯ ಮೇಲೆ ಕೂರಿಸಿ ಟಾಚಣಿ ಚುಚ್ಚಿ. ಲಾಡಿ ಸುತ್ತಿದ ಕಡ್ಡಿಯೊಂದರ ಮೇಲೆ ತೆರೆದ ಅಂಚುಗಳೆರಡನ್ನೂ ಎಳೆದು ಕೂಡಿಸಿ, ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ತೆಗೆದು, ಗೆರೆಗಿಂತ 2–3 ಮಿ.ಮೀ. ಒಳಗೆ ಕೊನೆಯ ಹೊಲಿಗೆ ಹಾಕಿದರೆ ಬಿಗಿ ಸರಿಯಾಗಿ ಬರುತ್ತದೆ.

ಈಗ ಹೊರಮೈ ಹೊರಗೆ ಮಾಡಿ, ಕಿರಿದಾದ ತಲೆಯ ಕಡೆಯಿಂದ ಕೂಸಿಗೆ ಕುಲಾವಿ ಹಾಕಿದಂತೆ ಇಳಿಸಿ. ಮೇಲಿನ ಬಳೆಗೆ ನಾಲ್ಕು ದಿಕ್ಕಿಗೆ ನಾಲ್ಕು ಟಾಚಣಿ, ಕೆಳಗೆ ಎಳೆದು ಅವುಗಳ ನೇರಕ್ಕೆ ನಾಲ್ಕು, ಆಮೇಲೆ ನಡುನಡುವೆ ಎರಡೆರಡು ಸೆಂ.ಮೀ.ಗೆ ಒಂದರಂತೆ. ಎಳೆತ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಅಡ್ಡಕ್ಕೆ ಎಳೆದರೆ ಸೊಂಟ ಒಳಗೆ ಹೋಗುತ್ತದೆ. ಸುಕ್ಕು ಕಂಡರೆ ಅದು ಇದ್ದಲ್ಲೇ ಜಗ್ಗಬೇಡಿ, ಓರೆ ಸುಕ್ಕಿನ ಎರಡು ತುದಿ ಎಲ್ಲಿಗೆ ಹೋಗಿ ಮುಟ್ಟುತ್ತವೋ ಅಲ್ಲಿನ ಟಾಚಣಿ ತೆಗೆದು ಮತ್ತೆ ಚುಚ್ಚಿ. ಈ ಚುಚ್ಚುವ, ಕೀಳುವ ಕೆಲಸ ಒಂದು ತಾಸು ಹಿಡಿದರೆ ಸರಿಯಾಗಿ ನಡೆದಿದೆ ಎಂದರ್ಥ. ಜೋಡಿ ದಾರದಿಂದ ಸಣ್ಣ ಸಣ್ಣ ಕೈಹೊಲಿಗೆ ಹಾಕಿ, ಪ್ರತಿ ಐದಾರು ಟಾಕಿಗೊಮ್ಮೆ ಅಲ್ಲಿಯೇ ಒಂದು ಹಿಂದುಟಾಕಿ. ಹೊಲಿಗೆ ಬಳೆಯ ಹೊರಮುಖಕ್ಕೆ ಬೀಳಬೇಕು. ಬಳೆಯ ನೆತ್ತಿಯ ಮೇಲೆ ಬಿದ್ದರೆ ಮುಂದೆ ಅಂಚುಪಟ್ಟಿಯ ಕೆಳಗೆ ಮುಚ್ಚುವುದಿಲ್ಲ. ಅಂಟು ಹಚ್ಚಿ ಮುಗಿಸುವ ಆಸೆ ಬರುವುದು ಸಹಜ. ಬಿಳಿ ಅಂಟು ತೆಳು ಅರಿವೆಯಲ್ಲಿ ಹೀರಿ ಗಟ್ಟಿಯಾಗುತ್ತದೆ, ಬೆಳಕಿಗೆ ಕಲೆಯಾಗಿ ಕಾಣುತ್ತದೆ. ಮೈದಾ ಅಂಟಾದರೆ ಜಿರಳೆಗೂ ಬೆಳ್ಳಿಹುಳಕ್ಕೂ ಹಬ್ಬ.

ಧೋತರದ ಅಸ್ತರ

ಅಸ್ತರ ಇಲ್ಲದ ಶೇಡು ಬಲ್ಬಿನ ಆಕಾರವನ್ನೇ ತೋರಿಸುತ್ತದೆ, ನಡುವೆ ಒಂದು ಉರಿಯುವ ಮಚ್ಚೆ, ಸುತ್ತ ಮಬ್ಬು. ಬಿಳಿ ಅಸ್ತರ ಬೆಳಕನ್ನು ಹರಡುತ್ತದೆ, ಕೆಳಕ್ಕೂ ದೂಡುತ್ತದೆ, ಹೊಲಿಗೆ ಅಂಚಿನ ಎಳೆಗಳನ್ನು ಒಳಗೇ ಹಿಡಿದಿಡುತ್ತದೆ. ಹೊಸ ಕೇಂಬ್ರಿಕ್ ಅರಿವೆ ತರುವ ಮೊದಲು ಮನೆಯಲ್ಲಿ ಹಳೆಯ ಧೋತರ ಇದೆಯೇ ನೋಡಿ. ನೂರಾರು ಒಗೆತ ಕಂಡದ್ದು, ಇನ್ನು ಸೇದುವುದು ಏನೂ ಉಳಿದಿಲ್ಲ. ತುಸು ಹಳದಿ ತಿರುಗಿದ್ದರೆ ಬೆಳಕು ಇನ್ನೂ ಹದವಾಗುತ್ತದೆ. ನೀಲಿ ಹಾಕಿ ಒಗೆದದ್ದಾದರೆ ಎರಡು ಸಲ ಬರಿ ನೀರಿನಲ್ಲಿ ಕುದಿಸಿ, ಇಲ್ಲವಾದರೆ ಕೆಂಪಿನ ಹಿಂದೆ ಆ ನೀಲಿ ಬೂದಿ ಎರಚಿದಂತೆ ಕಾಣುತ್ತದೆ.

ಅಸ್ತರಕ್ಕೆ ಎಸಳು ಬೇಡ. ಓರೆ ಎಳೆಯಲ್ಲಿ ಕತ್ತರಿಸಿದ ಎರಡು ಅರ್ಧಗಳು ಸಾಕು. ಚೌಕಟ್ಟಿನ ಅರ್ಧಕ್ಕೆ ಹೊರಗಿನಿಂದಲೇ ಹೊದಿಸಿ ಟಾಚಣಿ ಚುಚ್ಚಿ ಗೆರೆ ಎಳೆದುಕೊಳ್ಳಬೇಕು, ಮತ್ತು ಇದನ್ನು ಹೊರ ಅರಿವೆ ಹೊಲಿಯುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಗೆರೆಗಿಂತ 3 ಮಿ.ಮೀ. ಒಳಗೆ ಹೊಲಿಯಿರಿ, ಯಾಕೆಂದರೆ ಕೂರುವುದು ಕಡ್ಡಿಯ ಒಳಬದಿಗೆ. ಅಗಲವಾದ ಬಾಯಿಯಿಂದ ಒಳಗೆ ತೂರಿಸಿ, ಎರಡು ಹೊಲಿಗೆಗಳನ್ನು ಎದುರುಬದುರು ಕಡ್ಡಿಗಳ ಹಿಂದೆ ಮರೆಮಾಡಿ, ಅಂಚನ್ನು ಬಳೆಯ ಮೇಲಿಂದ ಹೊರಕ್ಕೆ ಮಡಚಿ ಹೊಲಿಯಬೇಕು. ಮೇಲೆ ಹೋಲ್ಡರಿನ ಮೂರು ತೋಳು ಅಡ್ಡ ಬರುತ್ತವೆ. ತೋಳು ಬಂದಲ್ಲಿ ಅಸ್ತರವನ್ನು ಬಳೆಯ ತನಕ ಸೀಳಿ ಎರಡೂ ಕಡೆ ದಾಟಿಸಿ. ಸೀಳಿದ ಬಾಯಿಗೆ ಬೆರಳಗಲದ ಪಟ್ಟಿಯೊಂದನ್ನು ತೋಳಿನ ಕೆಳಗಿಂದ ಕೊರಳಪಟ್ಟಿಯಂತೆ ಸುತ್ತಿ ತಂದು ಹೊರಗೆ ಟಾಕಿ ಹಾಕಿದರೆ ಕಾಣದು. ಇದನ್ನು ಬಿಟ್ಟ ಶೇಡುಗಳಲ್ಲಿ ರಾತ್ರಿ ಕುತ್ತಿಗೆಯ ಹತ್ತಿರ ಮೂರು ಕಡೆ ಬೆಳಕಿನ ಬಾಣ ಸಿಡಿಯುತ್ತದೆ.

ದಡಿ

ಹೊಲಿಗೆ ಅಂಚುಗಳನ್ನೆಲ್ಲ ಮುಚ್ಚಲು ಇಳಕಲ್ಲ ದಡಿಗಿಂತ ಚಂದದ್ದು ಏನಿದೆ ಎಂದು ಎಲ್ಲರಿಗೂ ಅನಿಸುತ್ತದೆ. ಗೋಮಿ, ಪರಾಸಪೇಟಿ, ಗಾಡಿ, ಯಾವ ದಡಿಯಾದರೂ ನೆಟ್ಟಗೆ ನೇಯ್ದದ್ದು. ನಮ್ಮ ಶೇಡು ಓರೆ. ಮೂರು ಸೆಂ.ಮೀ. ಅಗಲದ ದಡಿಯನ್ನು ಕೆಳಗಿನ ಬಳೆಗೆ ಸುತ್ತಿ ನೋಡಿ. ಅದರ ಕೆಳ ಅಂಚಿಗೆ ಬೇಕಾದ ಸುತ್ತಳತೆ 94 ಸೆಂ.ಮೀ., ಮೇಲಿನ ಅಂಚಿಗೆ 87 ಸಾಕು. ಆ 7 ಸೆಂ.ಮೀ. ಹೆಚ್ಚುವರಿ ಎಲ್ಲಿಗೆ ಹೋಗಬೇಕು? ಲಂಗದಂತೆ ಸಿಡಿದು ನಿಲ್ಲುತ್ತದೆ. ನಿರಿಗೆ ಹಿಡಿದರೆ ನಿರಿಗೆಗೆಲ್ಲ ನೆರಳು. ನೆಟ್ಟನೆಯ ದುಂಡು ಡಬ್ಬಿಯಂಥ ಶೇಡಿಗೆ ಮಾತ್ರ ದಡಿ ಹಾಗೆಯೇ ಕೂರುತ್ತದೆ. ಓರೆ ಶೇಡಿಗೂ ದಡಿ ಬೇಕೇ ಬೇಕೆಂದರೆ ಎಸಳು ಕತ್ತರಿಸುವಾಗಲೇ ದಡಿಯನ್ನು ಎಸಳಿನ ಕೆಳಭಾಗದಲ್ಲಿ ಹಿಡಿದು ಕತ್ತರಿಸಿ. ಹನ್ನೆರಡು ಹೊಲಿಗೆ ಒಂದೊಂದೂ ಸುಮಾರು 6 ಮಿ.ಮೀ. ನುಂಗಿಕೊಂಡು ಆ 7 ಸೆಂ.ಮೀ. ತಾನಾಗಿ ಕರಗುತ್ತದೆ. ದಡಿಯ ಗೀಟುಗಳು ಹೊಲಿಗೆಯಿಂದ ಹೊಲಿಗೆಗೆ ಕೂಡಬೇಕು, ಅದಕ್ಕೆ ಅಚ್ಚಿನ ಮೇಲೆ ದಡಿಯ ಗುರುತು ಮಾಡಿಕೊಳ್ಳಿ. ಅಂಚು ಮುಚ್ಚಲು ಓರೆ ಎಳೆಯಲ್ಲಿ 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಎರಡೂ ಬದಿ ಮಡಿಚಿದ ಪಟ್ಟಿ ಸಾಕು. ಹಳೆಯ ಸೀರೆಯ ಫಾಲ್ ಬಿಚ್ಚಿ ಬಳಸಬೇಡಿ, ಅದು ನೆಟ್ಟ ಎಳೆಯದು, ದಡಿಯ ಹಾಗೆಯೇ ಸಿಡಿಯುತ್ತದೆ.

ಜರಿ ಇದ್ದ ಅಂಚಾದರೆ ಇನ್ನೊಂದು ಮಾತು. ಬಿಚ್ಚಿದ ಜರಿ ಎಳೆ ಹೋಲ್ಡರಿನೊಳಗೆ ಇಳಿಯದಂತೆ ಮೇಲಿನ ಬಳೆಯ ಒಳಬದಿಯನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ. ಜರಿಯಲ್ಲಿ ಲೋಹ ಇರಬಹುದು.

ಬಲ್ಬು

60 ಮಿ.ಮೀ. ದಪ್ಪದ ಬಲ್ಬು 15 ಸೆಂ.ಮೀ. ಬಳೆಯ ನಡುವೆ ಬಂದರೆ ಸುತ್ತ ಉಳಿಯುವುದು ನಾಲ್ಕೂವರೆ ಸೆಂ.ಮೀ. 9 ವಾಟಿನ ಎಲ್‌ಇಡಿಗೆ ಅದು ಸಾಕು, ಹಳೆಯ ತಂತಿಯ ಬಲ್ಬಿಗೆ ಸಾಲದು. ಅದರ ಗಾಜು ಮುಟ್ಟಲಾಗದಷ್ಟು ಕಾಯುತ್ತದೆ, ರೇಷ್ಮೆ ಕಂದಿ ಪೆಳಸಾಗುತ್ತದೆ. ಎಲ್‌ಇಡಿಯ ಬಿಸಿ ಬುಡದಲ್ಲಿ ಇರುವುದರಿಂದ ಮೇಲಿನ ಬಾಯಿ ಮುಚ್ಚಬಾರದು, ಧೂಳಿಗೆ ಹೆದರಿ ಅರಿವೆ ಹೊದಿಸುವವರಿದ್ದಾರೆ. ಅಂಗಡಿಯಲ್ಲಿ ಏನೂ ಹೇಳದೆ ಬಲ್ಬು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ 6500 ಕೆಲ್ವಿನ್‌ನ ನೀಲಿಛಾಯೆಯ ಬಿಳಿ. ಅದರ ಮುಂದೆ ಇಳಕಲ್ಲಿನ ಕೆಂಪು ಒಣಗಿದ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಎಂದು ಬರೆದ, ಹಳದಿಛಾಯೆಯ ಬಲ್ಬನ್ನು ಕೇಳಿ ತನ್ನಿ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಅಂಕ, ಸಿಆರ್‌ಐ, 90 ಇದ್ದದ್ದು ಸಿಕ್ಕರೆ ಕೆಂಪು ಇನ್ನೂ ತಿಳಿಯಾಗಿ ಕಾಣುತ್ತದೆ.

ಹೊಲಿದು ಮುಗಿದ ಶೇಡಿನ ಮೇಲೆ, ಹೊರ ಅರಿವೆ ನೂಲಿನದಾಗಿದ್ದರೆ ಮಾತ್ರ, ಇಸ್ತ್ರಿಗೆ ಬಳಸುವ ನೀರಿನ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಿ ನೆರಳಿನಲ್ಲಿ ಒಣಗಿಸಿದರೆ ಉಳಿದ ಸಣ್ಣ ಸಡಿಲೆಲ್ಲ ಸೇದಿಕೊಂಡು ಬಿಗಿಯುತ್ತದೆ. ರೇಷ್ಮೆಗೆ ನೀರಿನ ಹನಿಯೇ ಕಲೆ. ಎರೆನೆಲದ ಊರುಗಳಲ್ಲಿ ಬೇಸಿಗೆಯ ಧೂಳು ವಾರಕ್ಕೊಮ್ಮೆ ಕೂರುತ್ತದೆ. ಬಣ್ಣ ಬಳಿಯುವ ಹೊಸ ಮೆತ್ತನೆಯ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ, ಹೊಲಿಗೆ ಒರಗಿದ ದಿಕ್ಕಿಗೇ ಝಾಡಿಸಿ. ಆರು ತಿಂಗಳಿಗೊಮ್ಮೆ ಹೋಲ್ಡರ್ ಸಡಿಲಿಸಿ ಶೇಡನ್ನು ಕಾಲು ಸುತ್ತು ತಿರುಗಿಸಿಡುವುದು ಒಳ್ಳೆಯದು, ಕಿಟಕಿಯ ಕಡೆಯ ಎಸಳುಗಳು ಉಳಿದವಕ್ಕಿಂತ ಮೊದಲು ಬಿಳಿಚುತ್ತವೆ. ಬಿಳಿಚಿದ ಎಸಳೊಂದನ್ನೇ ಬಿಚ್ಚಿ ಹೊಸದು ಹಾಕಲು ಬರುತ್ತದೆ, ಎರಡು ಹೊಲಿಗೆ, ಮೇಲೆ ಕೆಳಗೆ ಅಂಚಿನ ಒಂದಿಷ್ಟು ಟಾಕಿಯ ಕೆಲಸ. ಆ ರಟ್ಟಿನ ಅಚ್ಚನ್ನು ಮಾತ್ರ ಎಸೆಯದೆ ಸೂಜಿ-ದಾರದ ಡಬ್ಬಿಯಲ್ಲಿ ಇಟ್ಟಿರಬೇಕು.